ಕಾಗೆಯಾದ ಗಿಣಿ

ಹೋದ ತಿಂಗಳು ನನ್ನ ಸೊಸೆ ತನ್ನ ಕಂಪ್ಯೂಟರಿಗೆ ಹೊಸ ಪರದೆ ತಂದಳು. ಹಚ್ಚಿದ ಕೂಡಲೇ ಅಕ್ಷರಗಳೆಲ್ಲ ನೀರು ಬಿದ್ದ ಶಾಯಿಯಂತೆ ಮಸುಕಾಗಿ ಕಂಡವು. ದೊಡ್ಡದು ಮಾಡಿದರೆ ಸಾಲು ಅಂಚು ದಾಟಿ ಆಚೆ ಹೋಗುತ್ತಿತ್ತು.

"ನೀ ಬರೆದದ್ದ ಹಂಗೈತೇನವ್ವ?" ಎಂದು ಕೇಳಿದೆ.

"ಇಲ್ರಿ ಮಾವ, ಬರೆದದ್ದು ಸರಿ ಐತಿ. ಪರದಿ ಅಳತಿ ತಪ್ಪೈತಿ, ತಡೀರಿ," ಎಂದು ಎರಡು ಕಡೆ ಒತ್ತಿದಳು. ಅಕ್ಷರಗಳು ಕಲ್ಲಿನಲ್ಲಿ ಕೊರೆದ ಹಾಗೆ ನಿಂತವು.

ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಅಲ್ಲಿಯೇ ಕುಳಿತೆ. ಅಕ್ಷರ ಮಸುಕಾದಾಗ ಅವಳು ಮೊದಲು ಅನುಮಾನಪಟ್ಟದ್ದು ಯಂತ್ರವನ್ನು. ಎಷ್ಟು ಸಹಜವಾಗಿ ಅನುಮಾನಪಟ್ಟಳು! ನನ್ನ ವಯಸ್ಸು ಇಪ್ಪತ್ತೆರಡಿದ್ದಾಗ ನಾನು ಅದನ್ನು ಮಾಡಲಿಲ್ಲ. ಬರೆದ ಕೈಯ ಮೇಲೆ ತಪ್ಪು ಬೀಳುವುದನ್ನು ನೋಡುತ್ತಾ ನಿಂತಿದ್ದೆ. ಇದನ್ನು ನನ್ನ ಹೆಂಡತಿಗೂ ನಾನು ಪೂರ್ತಿ ಹೇಳಿರಲಿಲ್ಲ. ಈಗ ಬರೆದಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಒಂದೊಂದು ಊರಿನಲ್ಲಿ ಕೆಲವು ತಿಂಗಳು ನಮ್ಮ ಟೆಂಟು ನಿಲ್ಲುತ್ತಿತ್ತು. ಸಿನಿಮಾಕ್ಕೆ ಮೊದಲು ಮತ್ತು ಇಂಟರ್‌ವಲ್ಲಿನಲ್ಲಿ ಪರದೆಯ ಮೇಲೆ ಸ್ಲೈಡು ಹಾಕುತ್ತಿದ್ದೆವು. 'ಸುಸ್ವಾಗತ', 'ಬೀಡಿ ಸಿಗರೇಟು ಸೇದಬಾರದು', 'ವಿರಾಮ', ಆಮೇಲೆ ಬಟ್ಟೆ ಅಂಗಡಿ, ಸೈಕಲ್ ಅಂಗಡಿಗಳ ಜಾಹೀರಾತು. ಅವುಗಳನ್ನೆಲ್ಲ ಬರೆಯುತ್ತಿದ್ದವರು ಕೊಟ್ಟೂರಿನ ಒಬ್ಬ ಬೋರ್ಡ್ ಪೇಂಟರು. ಐವತ್ತು ದಾಟಿದ ಮನುಷ್ಯ. ನಾನು ಅವರನ್ನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ. ಟೆಂಟು ಕೊಟ್ಟೂರಿನಲ್ಲಿದ್ದಾಗ ನನ್ನ ಮಧ್ಯಾಹ್ನದ ರೊಟ್ಟಿ ಅವರ ಮನೆಯಲ್ಲಿ, ಅಷ್ಟೇ.

ಮಾವ ಸ್ಲೈಡು ಬರೆಯುವುದನ್ನು ನೋಡಲೆಂದೇ ನಾನು ಬೇಗ ಹೋಗುತ್ತಿದ್ದೆ. ಅಂಗೈಯಗಲದ ಗಾಜಿನ ತುಂಡನ್ನು ಚಿಮಣಿ ದೀಪದ ಹೊಗೆಯ ಮೇಲೆ ಹಿಡಿದು ಮಸಿ ಹತ್ತಿಸುವರು. ಆಮೇಲೆ ಉಸಿರು ಬಿಗಿಹಿಡಿದು, ಕೌದಿ ಹೊಲಿಯುವ ಸೂಜಿಯಿಂದ ಆ ಮಸಿಯನ್ನು ಕೆರೆಯುತ್ತಾ ಅಕ್ಷರ ಮೂಡಿಸುವರು. ಕೆರೆದ ಕಡೆ ಬೆಳಕು ದಾಟುತ್ತಿತ್ತು. ಕರಿ ಪರದೆಯ ಮೇಲೆ ಬೆಳ್ಳಿಯ ಅಕ್ಷರ. ಅವರು ಎಲ್ಲಿಯೂ ತಮ್ಮ ಹೆಸರು ಹಾಕುತ್ತಿರಲಿಲ್ಲ. ಬಲಗಡೆ ಕೆಳಗಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ಗಿಣಿ ಬರೆಯುತ್ತಿದ್ದರು. ಕೊಕ್ಕು, ರೆಕ್ಕೆಯ ಗರಿ, ಸೂಜಿಮೊನೆಯಷ್ಟು ಕಣ್ಣು. ಪರದೆಯ ಮೇಲೆ ಅದು ಮೊಳದುದ್ದ ಆಗುತ್ತಿತ್ತು. ನೆಲದ ಮೇಲೆ ಕುಳಿತ ಮಕ್ಕಳು ಅಕ್ಷರ ಓದುವ ಮೊದಲು "ಗಿಣಿ ಬಂತಲೇ!" ಎಂದು ಕೂಗುತ್ತಿದ್ದರು.

ಪ್ರತಿ ಊರಿನಲ್ಲಿ ಟೆಂಟು ಕಟ್ಟಿದ ಮೊದಲ ದಿನ ಮಷೀನಿಗೆ ಪೂಜೆ. ಕಾಯಿ ಒಡೆದು, ವಿಭೂತಿ ಧಾರಾಳವಾಗಿ ಬಳಿದು, ಕರ್ಪೂರ ಬೆಳಗದೆ ನಮ್ಮ ಮ್ಯಾನೇಜರು ಟಿಕೆಟಿನ ಕಿಟಕಿ ತೆರೆಯುತ್ತಿರಲಿಲ್ಲ. ನಮ್ಮ ಮಷೀನಿಗೆ ಎರಡು ಲೆನ್ಸು. ದೊಡ್ಡದು ಸಿನಿಮಾಕ್ಕೆ, ಪಕ್ಕದ ಚಿಕ್ಕದು ಸ್ಲೈಡಿಗೆ. ಆ ವರ್ಷ ಕೊಟ್ಟೂರಿನ ಪೂಜೆಯಲ್ಲಿ ವಿಭೂತಿಯ ಪುಡಿ ಸ್ಲೈಡಿನ ಲೆನ್ಸಿನ ಕೊಳವೆಯೊಳಗೆ ಇಳಿಯಿತು. ಒರೆಸಲು ಕೊಳವೆ ಬಿಚ್ಚಿದೆ. ಒಳಗಿನ ಗಾಜುಗಳನ್ನು ಟವೆಲ್ಲಿನ ಮೇಲೆ ಇಟ್ಟೆ.

ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರು ಒಂದು ಮಾತು ಹೇಳಿದ್ದರು. ಲೆನ್ಸು ಬಿಚ್ಚುವ ಮೊದಲು ಒಂದೊಂದು ಗಾಜಿನ ಅಂಚಿಗೂ, ಪರದೆಯ ಕಡೆ ಯಾವುದು ಎಂದು ಪೆನ್ಸಿಲಿನ ಗುರುತು ಹಾಕಬೇಕು. ಗಾಜಿನ ಒಂದು ಮೈ ಹೆಚ್ಚು ಉಬ್ಬು, ಇನ್ನೊಂದು ಕಡಿಮೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ. ನನಗೆ ಆ ಮಾತು ಗೊತ್ತಿತ್ತು, ಪೆನ್ಸಿಲು ಜೇಬಿನಲ್ಲಿಯೇ ಇತ್ತು. ಆದರೆ ರೀಲಿನ ಡಬ್ಬಿಗಳು ಬಸ್ಸಿನಿಂದ ಇಳಿದವೆಂದು ಮ್ಯಾನೇಜರು ಕೂಗಿದರು. ಗಾಜುಗಳನ್ನು ಗಡಿಬಿಡಿಯಲ್ಲಿ ತುರುಕಿ ಓಡಿದೆ.

ಆ ಸಂಜೆ ಸ್ಲೈಡು ಹಾಕಿದಾಗ ನಡುವಿನ ಎರಡು ಅಕ್ಷರ ಸ್ಪಷ್ಟ, ಅಂಚಿಗೆ ಹೋದ ಹಾಗೆ ಎಲ್ಲ ಕಲಸಿದಂತೆ ಮಸುಕು. ಲೆನ್ಸನ್ನು ಹಿಂದೆ ಮುಂದೆ ತಿರುಗಿಸಿದೆ. ಅಂಚು ಸರಿಹೋದರೆ ನಡು ಕೆಡುತ್ತಿತ್ತು. ಮೂಲೆಯಲ್ಲಿ ಗಿಣಿ ಇದ್ದ ಕಡೆ ಒಂದು ಬಿಳಿ ಮುದ್ದೆ. ಸಿನಿಮಾ ಶುರುವಾದ ಮೇಲೆ ಚಿತ್ರ ಕನ್ನಡಿಯಂತೆ ನಿಚ್ಚಳವಾಗಿತ್ತು.

ಮ್ಯಾನೇಜರು ಕ್ಯಾಬಿನ್ನಿಗೆ ಬಂದರು. "ಸಿನಿಮಾ ಚಂದ ಕಾಣ್ತೈತಿ, ಸ್ಲೈಡ್ ಅಷ್ಟ ಯಾಕ ಮಸಮಸ? ಮಷೀನಿಗೇನರ ಮಾಡಿಯೇನಲೇ?"

ಅವರು ನನಗಿಂತ ಮೊದಲಿದ್ದ ಆಪರೇಟರನ್ನು ಲೆನ್ಸು ಬಿಚ್ಚಿದ ತಪ್ಪಿಗೇ ಕೆಲಸದಿಂದ ಬಿಡಿಸಿದ್ದರು. "ಇಲ್ರಿ," ಎಂದೆ.

"ಹಂಗಾರ ಮುದುಕನ ಕಣ್ಣು ಹೋದ್ವು ಬಿಡು."

ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದು ಬರೆದರೂ ಅದು ಅರ್ಧ ಸುಳ್ಳು. "ಇರಬಹುದ್ರಿ," ಎಂದಿದ್ದೆ.

ಮರುದಿನ ಮಾವನಿಗೆ ಸುದ್ದಿ ಮುಟ್ಟಿತು. ಸಂಜೆ ಬಂದು ಬೆಂಚಿನ ಮೇಲೆ ಕುಳಿತು ತಮ್ಮ ಅಕ್ಷರ ತಾವೇ ನೋಡಿದರು. ಆಟ ಮುಗಿಯುವವರೆಗೆ ಕೂರಲಿಲ್ಲ, ಕ್ಯಾಬಿನ್ನಿಗೆ ಬಂದರು.

"ಲೇ ಆಪರೇಟರಾ, ನನ್ನ ಗಿಣಿ ಕಾಗಿ ಆಗೈತಲ್ಲೋ."

ನಕ್ಕೇ ಹೇಳಿದರು. ನಾನೂ ನಕ್ಕೆ. ಅವರು ಮಷೀನಿನ ಹತ್ತಿರದಿಂದ ಪರದೆಯವರೆಗೆ ಹೆಜ್ಜೆ ಹಾಕಿ ದೂರ ಅಳೆದರು. ಹೋದ ವರ್ಷದಷ್ಟೇ ಇತ್ತು. ಪರದೆಯ ಬಟ್ಟೆ ಸಡಿಲಾಗಿದೆಯೇ ಎಂದು ಕೈಯಿಂದ ತಟ್ಟಿ ನೋಡಿದರು. ಗಾಜು ಕೆಟ್ಟದ್ದಿರಬಹುದೆಂದು ಬೇರೆ ಗಾಜು ತಂದರು. ಎಲ್ಲ ನೋಡಿದರು, ಮಷೀನೊಂದನ್ನು ಬಿಟ್ಟು.

"ಮಷೀನಿನಾಗ ಏನರ ಐತೇನು ನೋಡ್ಲಾ ಮಾವ?" ಎಂದು ಕೇಳಿದೆ. ಹೇಳುವ ಧೈರ್ಯವಿಲ್ಲದವನು ಕೇಳುವ ರೀತಿ ಅದು.

"ಅದನ್ನ ನೀನು ನೋಡ್ಕೊಂತಿಯಲ್ಲ, ಅದರಾಗ ಏನಿರತೈತಿ?" ಎಂದುಬಿಟ್ಟರು.

ಅಂದಿನಿಂದ ಅವರು ಅಕ್ಷರ ದೊಡ್ಡದು ಮಾಡತೊಡಗಿದರು. ದೊಡ್ಡದಾದ ಅಕ್ಷರ ಅಂಚಿಗೆ ಇನ್ನಷ್ಟು ಹತ್ತಿರ ಹೋಗಿ ಇನ್ನಷ್ಟು ಕಲಸುತ್ತಿತ್ತು. ಆಮೇಲೆ ನಡುವೆ ಮಾತ್ರ ಬರೆದು ಸುತ್ತ ಖಾಲಿ ಬಿಟ್ಟರು. ಬಟ್ಟೆ ಅಂಗಡಿಯವನು, "ನನ್ನ ಅಂಗಡಿ ಹೆಸರು ಅರ್ಧಾ ಬರದೀರಲ್ರಿ, ಉಳಿದರ್ಧಾ ಮುಂದಿನ ಊರಿನಾಗ ತೋರಸ್ತೀರೇನು?" ಎಂದು ನಾಲ್ಕು ಜನರ ಮುಂದೆ ಹಂಗಿಸಿದ. ಮೂಲೆಯ ಗಿಣಿ ಮಾತ್ರ ಮುದ್ದೆಯಾಗಿಯೇ ಕಾಣುತ್ತಿತ್ತು. ಕೊನೆಕೊನೆಗೆ ಅದನ್ನು ಬರೆಯುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ರೊಟ್ಟಿ ಬಡಿಸುತ್ತಾ ಅತ್ತಿ ಹೇಳಿದರು: "ನಿಮ್ಮ ಮಾವ ಈಗ ಸೂಜಿ ಹಿಡದ್ರ ಎರಡೆರಡು ಸಲ ಕೈ ನೋಡ್ಕೊಂತಾರ ನೋಡಪ್ಪ. ಕೈಯಾಗ ಏನೋ ಹತ್ತೇತಿ ಅನ್ನೋಹಂಗ."

ನಾನು ತಲೆ ತಗ್ಗಿಸಿ ಪಲ್ಯ ಹಚ್ಚಿಕೊಂಡು ತಿಂದೆ. ಇನ್ನೊಂದು ರೊಟ್ಟಿಯನ್ನೂ ಹಾಕಿಸಿಕೊಂಡೆ.

ಟೆಂಟು ಹಗರಿಬೊಮ್ಮನಹಳ್ಳಿಗೆ ಹೋಯಿತು. ಅಲ್ಲಿ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕೊಳವೆ ಬಿಚ್ಚಿದೆ. ಹಿಂದಿನ ಗಾಜನ್ನು ಬೆರಳಿನಿಂದ ಸವರಿದಾಗ ಉಬ್ಬಿದ ಮೈ ತಪ್ಪು ಕಡೆಗಿದ್ದದ್ದು ತಿಳಿಯಿತು. ತಿರುಗಿಸಿ ಹಾಕಿದೆ, ಅಷ್ಟೇ. ಒಂದು ನಿಮಿಷದ ಕೆಲಸ. ಸಂಜೆ ಟಿಕೆಟು ಕೊಡುವ ಮೊದಲು, ಖಾಲಿ ಟೆಂಟಿನಲ್ಲಿ, ಮಾವನ ಹಳೆಯ ಸ್ಲೈಡೊಂದನ್ನು ಹಾಕಿ ನೋಡಿದೆ. ಒಂದಂಚಿನಿಂದ ಇನ್ನೊಂದಂಚಿನವರೆಗೆ ಬೆಳ್ಳಿಯ ಅಕ್ಷರ. ಮೂಲೆಯಲ್ಲಿ ಗಿಣಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಮ್ಯಾನೇಜರು ದಾವಣಗೆರೆಯಲ್ಲಿ ಫೋಟೋ ತೆಗೆಸಿ ಮಾಡಿಸಿದ ಹೊಸ ಸ್ಲೈಡುಗಳು ಬಂದದ್ದೂ ಅದೇ ದಿನ. ಅವರ ಕಾಲ ಸಪ್ಪಳ ಕೇಳಿ ನಾನು ಗಿಣಿಯನ್ನು ಹೊರಗೆ ತೆಗೆದೆ.

ಅದೇ ಸಂಜೆ ಮಾವ ಕೊಟ್ಟೂರಿನಿಂದ ರೈಲಿನಲ್ಲಿ ಬಂದರು. ಹೊಸದಾಗಿ ಬರೆದ ನಾಲ್ಕು ಸ್ಲೈಡುಗಳನ್ನು ಹಳೆಯ ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತರು. ಪರದೆಯ ಮೇಲೆ ದಾವಣಗೆರೆಯ ಸ್ಲೈಡು ಬಂತು. ನಿಚ್ಚಳ. "ನೋಡ್ರಿ, ಈಗ ಹೆಂಗ ಐತಿ!" ಎಂದು ಮ್ಯಾನೇಜರು ಎಲ್ಲರಿಗೂ ಕೇಳುವಂತೆ ಹೇಳಿದರು. ಮಾವ ಇಂಟರ್‌ವಲ್ಲಿನಲ್ಲಿ ಕ್ಯಾಬಿನ್ನಿನ ಬಾಗಿಲಿಗೆ ಬಂದರು. ಗಂಟು ಬಿಚ್ಚಲೇ ಇಲ್ಲ.

"ಅದ ಮಷೀನು, ಅದ ಪರದಿ. ಇದು ಕಾಣ್ತೈತಿ, ನಂದು ಕಾಣಲಿಲ್ಲ. ಕೈ ಹೋತು ಬಿಡಪ್ಪ ನಂದು."

ನಾನು ಬಾಯಿ ತೆರೆದೆ. ಬಂದ ಮಾತು ಇದು: "ಚಾ ಕುಡಿತೀರೇನು ಮಾವ?"

"ಬ್ಯಾಡ, ರೈಲು ಹೋಗ್ತೈತಿ," ಎಂದು ಹೊರಟರು.

ಆಮೇಲಿನದನ್ನೆಲ್ಲ ಬೇರೆಯವರಿಂದ ಕೇಳಿ ತಿಳಿದೆ. ಅತ್ತಿ ಬಲವಂತ ಮಾಡಿ ಅವರನ್ನು ಹರಪನಹಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರಂತೆ. ಕಣ್ಣಲ್ಲಿ ಏನೂ ದೋಷವಿಲ್ಲ, ಕೈಯೂ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದರಂತೆ. ಮಾವ ನಂಬಲಿಲ್ಲ. "ಡಾಕ್ಟರ್ ಒಬ್ಬಾತ ಹೇಳ್ತಾನ. ಪರದಿ ಮ್ಯಾಲಿದ್ದದ್ದು ಊರೇ ನೋಡೇತಿ," ಎಂದರಂತೆ. ಸ್ಲೈಡಷ್ಟೇ ಅಲ್ಲ, ಅಂಗಡಿಗಳ ಬೋರ್ಡು ಬರೆಯುವುದನ್ನೂ ನಿಲ್ಲಿಸಿ, ಒಂದು ಶೇಂಗಾ ಗೋದಾಮಿನಲ್ಲಿ ಕಾವಲಿಗೆ ಸೇರಿಕೊಂಡರು. ಟೆಂಟು ಮತ್ತೆ ಕೊಟ್ಟೂರಿಗೆ ಬಂದಾಗಲೆಲ್ಲ ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅತ್ತಿ ಎರಡು ಸಲ ಹೇಳಿ ಕಳಿಸಿದರು. ಕೆಲಸ ಬಹಳ ಎಂದು ತಿರುಗಿ ಹೇಳಿ ಕಳಿಸಿದೆ.

ಆರು ವರ್ಷ ಕಳೆದವು. ಊರೂರಿಗೆ ಟಿವಿ, ಹೋಟೆಲುಗಳಲ್ಲಿ ವಿಡಿಯೋ ಬಂದವು. ಹರಪನಹಳ್ಳಿಯಲ್ಲಿ ನಮ್ಮ ಟೆಂಟು ಕೊನೆಯ ಸಲ ಬಿಚ್ಚಿತು. ಮಷೀನನ್ನು ಯಾರೋ ಕೊಂಡರು. ಸ್ಲೈಡಿನ ಡಬ್ಬಿ, ಅದರ ಲೆನ್ಸು, ಬೆಳಕು ಕೂಡಿಸುವ ದಪ್ಪ ಗಾಜು ಯಾರಿಗೂ ಬೇಡವಾಗಿದ್ದವು. ನಾನು ಕೇಳಿ ಪಡೆದೆ. ಮರುದಿನ ಬೆಳಿಗ್ಗೆ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ.

ಅತ್ತಿ ಬಾಗಿಲಲ್ಲಿ ನಿಂತು ನನ್ನ ಮೋರೆ ನೋಡಿದರು. "ಬಂದಿಯಾ? ದಾರಿ ನೆನಪೈತೇನು?" ಎಂದರು. ಒಳಗೆ ಹೋಗಿ ತಾಟು ತಂದಿಟ್ಟರು.

"ಊಟ ಬ್ಯಾಡತ್ತಿ. ಮೊದಲು ಒಂದು ಮಾತು ಹೇಳಬೇಕು," ಎಂದೆ.

ಮಾವ ಗೋಡೆಗೆ ಒರಗಿ ಕುಳಿತಿದ್ದರು. ವಿಭೂತಿ, ಟವೆಲ್ಲು, ಹಾಕದ ಪೆನ್ಸಿಲಿನ ಗುರುತು, ತಿರುಗಿಸಿ ಹಾಕಿದ ಗಾಜು, ಖಾಲಿ ಟೆಂಟಿನಲ್ಲಿ ಕಂಡ ಗಿಣಿ, ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಕೇಳಿದರು:

"ನನಗ ಸಮಾಧಾನ ಆಗ್ಲಿ ಅಂತ ಹೇಳ್ತಿಯೇನು?"

ನಾನು ಅದನ್ನು ನಿರೀಕ್ಷಿಸಿರಲಿಲ್ಲ. ನನ್ನ ತಪ್ಪನ್ನು ನಂಬುವುದಕ್ಕೂ ಅವರಿಗೆ ಪರದೆಯೇ ಬೇಕಾಗಿತ್ತು.

"ಹಳೇ ಸ್ಲೈಡ್ ಅದಾವೇನತ್ತಿ?" ಎಂದೆ. ಅವರು ಮಂಚದ ಕೆಳಗಿನ ಟ್ರಂಕಿನಿಂದ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು ತೆಗೆದರು. ಎಸೆಯಲು ಮಾವ ಹೇಳಿದ್ದರಂತೆ, ಎಸೆದೆ ಎಂದು ಇವರು ಹೇಳಿದ್ದರಂತೆ.

ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ನಡುವೆ ಅಂಗೈಯಷ್ಟು ಸಂದು ಬಿಟ್ಟೆ. ಸಂದಿಗೆ ಡಬ್ಬಿ ಹಿಡಿಸಿದೆ. ಅತ್ತಿ ಗೋಡೆಯ ಕನ್ನಡಿ ಬಿಚ್ಚಿಕೊಂಡು ಅಂಗಳಕ್ಕೆ ಹೋಗಿ, ಬಿಸಿಲನ್ನು ಕಿಟಕಿಯ ಕಡೆ ತಿರುಗಿಸಿದರು. ಸುಣ್ಣದ ಗೋಡೆಯ ಮೇಲೆ ಬೆಳಕು ಬಿತ್ತು, ಜಾರಿ ಹೋಯಿತು, ಮತ್ತೆ ಬಂತು.

"ಅಲುಗಾಡಸಬ್ಯಾಡ!" ಎಂದು ಮಾವ ಒಳಗಿನಿಂದ ಕೂಗಿದರು.

"ನನಗೇನು ಟೆಂಟಿನಾಗ ಕೆಲಸ ಮಾಡಿ ರೂಢಿ ಐತೇನ್ರಿ?" ಎಂದು ಹೊರಗಿನಿಂದ ಉತ್ತರ ಬಂತು.

ಲೆನ್ಸು ತಿರುಗಿಸಿದೆ. 'ಸುಸ್ವಾಗತ' ನಿಂತಿತು. ಸು ಎಷ್ಟು ನಿಚ್ಚಳವೋ ಕೊನೆಯ ತ ಅಷ್ಟೇ ನಿಚ್ಚಳ. ಮಾವ ಎದ್ದು ಗೋಡೆಯ ಹತ್ತಿರ ಹೋದರು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಮುಟ್ಟುತ್ತಾ ಮೂಲೆಗೆ ಬಂದರು. ಗಿಣಿ ಅವರ ಕೈಯ ಮೇಲೆ ಬಿತ್ತು. ಕೊಕ್ಕು, ಗರಿ, ಆ ಸೂಜಿಮೊನೆಯ ಕಣ್ಣು, ಎಲ್ಲ ಅಂಗೈ ಮೇಲೆ ಕಂಡವು. ಅವರು ಕೈಯನ್ನು ಸರಿಸದೆ ಬಹಳ ಹೊತ್ತು ನಿಂತರು.

"ಆರು ವರ್ಸ ಇದನ್ನ ಬೈದೀನಿ ನಾನು," ಎಂದರು. ಕೈಯನ್ನು ಕುರಿತು ಹೇಳಿದ್ದು.

ನಾನು ಅವರ ಕಾಲ ಹತ್ತಿರ ಕುಳಿತೆ. "ನನ್ನ ಬೈರಿ ಮಾವ. ಹೊಡೀರಿ ಬೇಕಾದ್ರ."

"ಏನ್ರಿ, ಕಾಣ್ತೈತೋ ಇಲ್ಲೋ? ನನ್ನ ಕೈ ಬಿದ್ದು ಹೋತು," ಎಂದು ಅಂಗಳದಿಂದ ಅತ್ತಿ ಕೇಳಿದರು.

ಮಾವ ಹೊರಗೆ ಹೋಗಿ ಕನ್ನಡಿಯನ್ನು ಕಸಿದುಕೊಂಡು ಅವರನ್ನು ಒಳಗೆ ಕಳಿಸಿದರು. ಅತ್ತಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಬಂದು ಗೋಡೆ ನೋಡಿದರು. ಗಿಣಿ ನೋಡಿದರು. ನನ್ನ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನೋಡಿದೇನು?" ಅಂಗಳದಿಂದ ಮಾವನ ದನಿ.

"ನೋಡಿದ್ನಿರಿ."

"ಗಿಣಿ?"

"ಗಿಣೀನ ಐತ್ರಿ."

ಬೆಳಕು ಗೋಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಆಮೇಲೆ ಮಾವ ನನ್ನನ್ನು ಕೂಗಿದರು:

"ಲೇ ಆಪರೇಟರಾ! ಕುಂತು ಅಳಬ್ಯಾಡ. ಬೈಯಾಕ ಆಮ್ಯಾಲೂ ಆಗತೈತಿ. ಬಿಸಿಲು ಇಳ್ಯಾಕ ಹತ್ತೇತಿ, ಮುಂದಿನ ಸ್ಲೈಡ್ ಹಾಕು."

ಹಾಕಿದೆ. ಗಂಟಿನಲ್ಲಿದ್ದ ಮೂವತ್ತಕ್ಕೂ ಹೆಚ್ಚು ಸ್ಲೈಡುಗಳನ್ನು, ಪಕ್ಕದ ಮನೆಯ ಮಾಳಿಗೆಯ ನೆರಳು ಅಂಗಳಕ್ಕೆ ಬರುವವರೆಗೆ, ಒಂದೊಂದಾಗಿ ಹಾಕಿದೆ. ಅತ್ತಿ ಒಳಗಿನಿಂದ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು, ಮಾವ ಹೊರಗಿನಿಂದ ಹೂಂಗುಟ್ಟುತ್ತಿದ್ದರು. ಆಮೇಲೆ ಮೂವರೂ ಕೂತು ರೊಟ್ಟಿ ತಿಂದೆವು.

ಅವರು ನನ್ನನ್ನು ಬೈಯಲೇ ಇಲ್ಲ. ಮತ್ತೆ ಸೂಜಿಯನ್ನೂ ಹಿಡಿಯಲಿಲ್ಲ, ಹಿಡಿಯಲು ಟೆಂಟೇ ಉಳಿದಿರಲಿಲ್ಲ. ಮುಂದೆ ನಾನು ಹೋದಾಗಲೆಲ್ಲ ಗೋಡೆಯ ಕನ್ನಡಿಯನ್ನು ತೋರಿಸಿ, "ಬಿಸಿಲು ಐತೇನು ನೋಡು," ಎನ್ನುತ್ತಿದ್ದರು. ಇದ್ದರೆ ನಾನು ಎದ್ದು ಕಂಬಳಿ ಕಟ್ಟುತ್ತಿದ್ದೆ.