ಒಂದು ನಾಸ್ತಿಕ ಸೀನು

ಸೀನುವಾಗ ಕಣ್ಣು ತೆರೆದಿಟ್ಟುಕೊಳ್ಳುವುದು ನನ್ನಿಂದ ಈವರೆಗೆ ಸಾಧ್ಯವಾಗಿಲ್ಲ. ಕನ್ನಡಿಯ ಮುಂದೆ ನಿಂತು, ನಶ್ಯ ಏರಿಸಿ, ಹೆಂಡತಿಯ ನಗೆಗೆ ಗುರಿಯಾಗಿ ಪರೀಕ್ಷಿಸಿದ್ದೇನೆ. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವನೆಂದು ಊರೆಲ್ಲ ಡಂಗುರ ಹೊಡೆದುಕೊಂಡವನಿಗೆ ಇದೊಂದು ಅವಮಾನವೇ ಸರಿ.

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಜೋರಾಪುರ ಪೇಟೆಯಲ್ಲಿ ಬಾಡಿಗೆಗಿದ್ದ ಶಾಲಾಮಾಸ್ತರ, ದೇವರನ್ನು ಅಲ್ಲಗಳೆಯದೆ ಚಹಾ ಕುಡಿಯದ ವಿಚಾರವಾದಿ. ಮನೆಯ ಮಾಲೀಕ ಗುರಪ್ಪನವರ ಮಗಳು ಶಾಂತಾ ಮೆಟ್ರಿಕ್ ಪಾಸಾಗಿ, ಟೀಚರ್ ಟ್ರೇನಿಂಗಿಗೆ ಹೋಗುವೆನೆಂದು ಹಟ ಹಿಡಿದಿದ್ದಳು. ತಾಯಿ ನೀಲವ್ವ ಮಗಳ ಪರ. ಗುರಪ್ಪನವರಿಗೋ ಅವಳನ್ನು ಬಬಲೇಶ್ವರದ ತಂಗಿಯ ಮಗನಿಗೆ ಕೊಡುವಾಸೆ. ಕೊನೆಗೆ ಹನುಮಪ್ಪನಲ್ಲಿ ಹೂ ಕೇಳುವುದೆಂದಾಯಿತು: ಮೂರ್ತಿಯ ಎರಡೂ ಭುಜಗಳಿಗೆ ಹೂ ಅಂಟಿಸುವುದು, ಬಲಗಡೆಯದು ಮೊದಲು ಬಿದ್ದರೆ ಟ್ರೇನಿಂಗು, ಎಡಗಡೆಯದಾದರೆ ಬಬಲೇಶ್ವರ.

"ಪೂಜಾರಿ ನಮ್ಮಾಕಿ ಕಡಿ ಅದಾನ್ರಿ," ಎಂದರು ಗುರಪ್ಪನವರು ನನ್ನ ಬಾಗಿಲಿಗೆ ಬಂದು. "ನಾವರ ಕಣ್ಣ ಮುಚ್ಚಿ ಕೈ ಮುಗಿಯೋ ಮಂದಿ. ನೀವು ದೇವರನ್ನ ನಂಬೂದಿಲ್ಲ, ಕಣ್ಣೂ ಮುಚ್ಚೂದಿಲ್ಲ. ನೀವ ನೋಡಿ ಹೇಳ್ರಿ ಮಾಸ್ತರ."

ನನ್ನ ನಾಸ್ತಿಕತೆಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಹಿಗ್ಗಿ ಹೋದೆ. ಎಲ್ಲರಿಗಿಂತ ಮುಂದೆ, ಹನುಮಪ್ಪನ ಮೂಗಿಗೆ ಮೂಗು ತಾಗುವಷ್ಟು ಸಮೀಪ ನನ್ನನ್ನು ಕೂರಿಸಿದರು. ಎಲ್ಲರೂ ಕಣ್ಣು ಮುಚ್ಚಿದರು. ಕಾಲುಗಂಟೆಯಾದರೂ ಹಸಿ ಸಿಂಧೂರಕ್ಕೆ ಅಂಟಿದ ಹೂಗಳು ಅಲುಗಲಿಲ್ಲ. ಬೇಸರಕ್ಕೆ ಒಂದು ಚಿಟಿಕೆ ನಶ್ಯ ಏರಿಸಿದೆ, ಊದುಬತ್ತಿಯ ಹೊಗೆ ಅದರ ಜೊತೆ ಸೇರಿತು, ಗುಡಿಯ ಗಂಟೆ ಗುಂಯ್‌ಗುಡುವ ಹಾಗೆ ಸೀನಿದೆ. ಕಣ್ಣು ತೆರೆದಾಗ ಎರಡೂ ಹೂ ನೆಲದ ಮೇಲಿದ್ದವು.

"ಯಾವದು ಮೊದಲ ಬಿತ್ರಿ?" ಗುರಪ್ಪನವರು ಕೇಳಿದರು.

ಕಂಡಿಲ್ಲವೆಂದರೆ ಸತ್ಯ. ಆದರೆ ಶಾಂತಾ ಸೆರಗಿನ ತುದಿಯನ್ನು ಹಿಂಡುತ್ತ ನನ್ನನ್ನೇ ನೋಡುತ್ತಿದ್ದಳು. "ಬಲಗಡೀದು," ಎಂದುಬಿಟ್ಟೆ. ನೀಲವ್ವ ನನಗೇ ಅಡ್ಡಬಿದ್ದಳು. ಗುರಪ್ಪನವರು ನಿಟ್ಟುಸಿರು ಬಿಟ್ಟು ಕಾಯಿ ಒಡೆದರು. ದೇವರಿಲ್ಲವೆಂದು ವಾದಿಸುತ್ತಿದ್ದ ನಾನು ಆ ಸಂಜೆ ದೇವರ ಪರವಾಗಿ ಸುಳ್ಳು ಹೇಳಿ ಮನೆಗೆ ಬಂದೆ, ಚಹಾ ಕುಡಿಯುವಾಗ ಯಾವ ವಾದವನ್ನೂ ಹೂಡಲಿಲ್ಲ.

ಎರಡು ವರ್ಷದ ಬಳಿಕ ಶಾಂತಾ ತಿಕೋಟಾದ ಶಾಲೆಗೆ ನೇಮಕವಾಗಿ, ಪೇಢೆ ಹಿಡಿದು ಬಂದಳು. ತಪ್ಪೊಪ್ಪಿಕೊಳ್ಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೆಲ್ಲಗೆ ಹೇಳಿದಳು:

"ಅವತ್ತ ಮೊದಲ ಬಿದ್ದದ್ದು ಎಡಗಡೀದ್ರಿ ಸರ್. ನಾನೂ ಕಣ್ಣ ಮುಚ್ಚಿರಲಿಲ್ಲ."

ಅಂದಿನಿಂದ ನಾನು ಕನ್ನಡಿಯ ಮುಂದಿನ ಪರೀಕ್ಷೆಗಳನ್ನು ನಿಲ್ಲಿಸಿದ್ದೇನೆ. ಸೀನು ಬಂದರೆ ಧಾರಾಳವಾಗಿ ಕಣ್ಣು ಮುಚ್ಚಿಕೊಂಡೇ ಸೀನುತ್ತೇನೆ.