ಕೊಳ್ಳದಲ್ಲಿ ಕೂಗಿದ ಮಾತು

ಅಡುಗೆಮನೆಯ ಕಟ್ಟೆ ಹಳತಾಗಿ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಹೊಸ ಕಡಪ ಕಲ್ಲು ಹಾಕಿಸೋಣವೆಂದು ಹೋದ ಭಾನುವಾರ ಕೆಲಸದವರನ್ನು ಕರೆಸಿದೆ. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಅಂಗಳದಲ್ಲಿ ಅವರು ಮಿಷನ್ನಿಗೆ ನೀರು ಬಿಟ್ಟುಕೊಂಡು ಆ ಕರಿಯ ಚಪ್ಪಡಿಯನ್ನು ಕೊಯ್ಯತೊಡಗಿದಾಗ ಒಂದು ವಾಸನೆ ಎದ್ದಿತು ನೋಡಿ. ಕಡ್ಡಿ ಗೀರಿ ಆರಿಸಿದಂಥ ವಾಸನೆ. ಕಡಪ ಕಲ್ಲೂ ಒಂದು ಬಗೆಯ ಸುಣ್ಣಕಲ್ಲೇ. ಉಜ್ಜಿದರೆ ಒಳಗಿದ್ದ ಹಳೆಯದೇನನ್ನೋ ಹೊರಗೆ ಬಿಡುತ್ತದೆ. ಪಕ್ಕದ ಮನೆಯವರು ಕಿವಿ ಮುಚ್ಚಿಕೊಂಡು "ಏನ್ ಸಪ್ಪಳ್ರೀ ಟೀಚರ್ರ, ತಲಿ ಒಡದು ಹೋಗತೈತಿ" ಎನ್ನುತ್ತಿದ್ದರು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಆ ವಾಸನೆಯ ಹಿಂದೆ ಒಂದು ಕೊಳ್ಳ ಬಂತು. ಕೊಳ್ಳದ ಹಿಂದೆ ನಮ್ಮಣ್ಣ ಬಂದ.

ನಮ್ಮಣ್ಣ ಬಳ್ಳಾರಿ–ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಆಗಿದ್ದವನು. "ನಮ್ಮನ್ಯಾಗ ಬಾಯಿ ಮಗಳದು, ದನಿ ಮಗಂದು" ಎಂದು ಅವ್ವ ಹೇಳುತ್ತಿದ್ದಳು. ನನ್ನ ಬಾಯಿ ಎಂಥದೆಂದು ನನ್ನ ಶಾಲೆಯ ಮಕ್ಕಳನ್ನು ಕೇಳಿ. ಅವರ ಕಣ್ಣಲ್ಲೇ ನೀರು ಬರುತ್ತದೆ. ಅಣ್ಣನ ದನಿ ಎಂಥದೆಂದು ಸಿರಿಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾದವರನ್ನು ಕೇಳಬೇಕು. ತೆಕ್ಕಲಕೋಟೆ ಬಂತೆಂದು ಅವನು ಕೂಗಿದರೆ ಬಸ್ಸಿನಲ್ಲಿ ಮಲಗಿದ್ದವರಷ್ಟೇ ಅಲ್ಲ, ಹೊರಗೆ ಮರದ ಕೆಳಗೆ ಮಲಗಿದ್ದವರೂ ಎದ್ದು ಕೂರುತ್ತಿದ್ದರಂತೆ. ಅವನ "ಹೋಲ್ಡಾನ್" ಕೇಳಿದ ಮೇಲೆ ಡ್ರೈವರನಿಗೆ ಸೀಟಿ ಬೇಕಾಗುತ್ತಿರಲಿಲ್ಲ.

ಈ ದನಿಯ ಹುಚ್ಚು ಹತ್ತಿದ್ದು ಕುರುಗೋಡಿನಲ್ಲಿ. ನಮ್ಮ ಮನೆ ಗುಡ್ಡದ ಬುಡಕ್ಕೇ ಇತ್ತು. ಬಂಡೆಗಳ ಸಂದಿಯಲ್ಲಿ ನಿಂತು ಅಣ್ಣ "ಓಯ್" ಎಂದರೆ ಗುಡ್ಡವೂ "ಓಯ್" ಎನ್ನುತ್ತಿತ್ತು. ನಾನು ಕೂಗಿದರೆ ಮಾತ್ರ ಏನೂ ಬರುತ್ತಿರಲಿಲ್ಲ. "ನಿನ್ನ ಮಾತ್ ಕೇಳಿ ಕೇಳಿ ಗುಡ್ಡಕ್ಕೂ ಬ್ಯಾಸರ ಬಂದೈತಿ" ಎಂದು ಅಣ್ಣ ನಗುತ್ತಿದ್ದ. ನಾನು ಅಳುತ್ತ ಮನೆಗೆ ಬಂದು ಅವ್ವನಿಗೆ ಚಾಡಿ ಹೇಳುತ್ತಿದ್ದೆ. ಗುಡ್ಡದ ಮೇಲೋ ಅಣ್ಣನ ಮೇಲೋ, ಈಗ ನೆನಪಿಲ್ಲ.

ನೌಕರಿ ಸಿಕ್ಕ ಮೇಲೆ ಅಣ್ಣ ಒಂದು ಸೆಕೆಂಡ್ ಹ್ಯಾಂಡ್ ಬೈಕು ಕೊಂಡ. ಅವನ ವಾರದ ರಜೆ ನನ್ನ ಭಾನುವಾರಕ್ಕೆ ಕೂಡಿ ಬಂದಾಗಲೆಲ್ಲ ಇಬ್ಬರೂ ಹೊರಟುಬಿಡುತ್ತಿದ್ದೆವು. ಎಲ್ಲಿ ಹೊಳೆ ಕಲ್ಲು ಕೊರೆದಿದೆಯೋ ಅಲ್ಲಿಗೆ. ಗುಂತಕಲ್ಲು, ಗುತ್ತಿ, ತಾಡಪತ್ರಿ ದಾಟಿ, ಈ ಕಡಪ ಕಲ್ಲಿನ ಸೀಮೆಗೆ. ಗುತ್ತಿಯಲ್ಲಿ ಮಂಡಕ್ಕಿ ಒಗ್ಗರಣಿ–ಮಿರ್ಚಿ, ಮಧ್ಯಾಹ್ನಕ್ಕೆ ಮನೆಯಿಂದ ಕಟ್ಟಿಕೊಂಡ ರೊಟ್ಟಿ, ಶೇಂಗಾ ಚಟ್ನಿ. ದಾರಿ ಇರುವ ತನಕ ಬೈಕು, ಆಮೇಲೆ ಕಾಲು. ನಮ್ಮ ಯಜಮಾನರಿಗೆ ಇದೊಂದು ತಮಾಷೆ. "ಅಣ್ಣ ತಂಗಿ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟ್ಯಾರ" ಎಂದು ಬೀಗರ ಮುಂದೆಲ್ಲ ಹೇಳುತ್ತಿದ್ದರು. ಮದುವೆಯಾದ ಹೆಂಗಸು ಕಲ್ಲು ನೋಡಲು ರಾಜ್ಯದ ಗಡಿ ದಾಟುವುದೆಂದರೆ ಬೀಗರಿಗೂ ನಂಬಿಕೆ ಬರುತ್ತಿರಲಿಲ್ಲ. ಗುಡಿಗೆ ಹೋಗಿದ್ದೆವೆಂದು ಹೇಳಿದ್ದೂ ಉಂಟು.

ನಮಗೆ ಬಹಳ ಹಿಡಿಸಿದ್ದು ಬೇಲಂ ಗುಹೆಗಳ ಕಡೆಯ ಒಂದು ಕೊಳ್ಳ. ಅದಕ್ಕೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಅಲ್ಲಿಯ ಕುರಿಯವರು "ವಾಗು" ಎನ್ನುತ್ತಾರೆ. ತೆಲುಗಿನಲ್ಲಿ ಹಳ್ಳ ಎಂದಷ್ಟೇ ಅರ್ಥ. ಮೇಲಿನಿಂದ ನೋಡಿದರೆ ಬಯಲು ಬಯಲಾಗಿಯೇ ಹೋಗುತ್ತಿರುತ್ತದೆ, ಕಾಲ ಬುಡದಲ್ಲಿ ಒಮ್ಮೆಲೇ ನೆಲವೇ ಇಲ್ಲ. ಇಳಿದರೆ ಎರಡೂ ಕಡೆ ಬೂದು ಗೋಡೆ, ಖಡಕ್ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಪದರು ಪದರು. ತಳದಲ್ಲಿ ಹಸಿರು ನೀರು. ಒಂದು ಕಡೆ ಆ ನೀರು ಕಲ್ಲಿನ ಬಾಯಿಯೊಳಗೆ ಹೊಕ್ಕು ಕಾಣದಾಗಿ, ತುಸು ದೂರ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಕಾಲು ಜಾರಿ ನಾನು ಅದರಲ್ಲಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಮೇಲೆಲ್ಲೋ ಮಳೆಯಾದರೆ ಅಲ್ಲಿ ನೀರು ಒಮ್ಮೆಲೇ ಏರಿ ಬರುತ್ತದೆ, ಅದಕ್ಕೆ ಅಣ್ಣನದು ಒಂದೇ ಕಟ್ಟಪ್ಪಣೆ: "ನೀರಿನ ಸಪ್ಪಳ ಬದಲಾತಂದ್ರ ಮಾತಾಡಬ್ಯಾಡ, ಮ್ಯಾಲ ಹತ್ತು." ಅದರಲ್ಲಿ ಮಾತಾಡಬೇಡ ಎನ್ನುವುದೇ ನನಗೆ ಕಷ್ಟದ್ದು.

ಗೋಡೆಗಳು ಹತ್ತಿರ ಬರುವ ಕಡೆ ಒಂದು ಚಪ್ಪಟೆ ಬಂಡೆಯಿತ್ತು. ಅದರ ಮೇಲೆ ನಿಂತು ಅಣ್ಣ ತನ್ನ ರೂಟನ್ನೆಲ್ಲ ಕೂಗುತ್ತಿದ್ದ. ಕೊಳ್ಳ ಅದನ್ನು ಹಿಡಿದು, ತಿರುಗಿಸಿ, ಮತ್ತೆ ಅವನಿಗೇ ಕೊಡುತ್ತಿತ್ತು. ಆ ಹೊತ್ತಿನ ಅವನ ಮುಖ ನೋಡಬೇಕಿತ್ತು ನೀವು. ಇಡೀ ಜನ್ಮ ಬೇರೆಯವರನ್ನು ಎಚ್ಚರಿಸಿದವನು, ಅಲ್ಲಿ ತನ್ನ ದನಿಯನ್ನು ತಾನೇ ನಿಂತು ಕೇಳುತ್ತಿದ್ದ.

ಆಮೇಲೆ ಆ ದನಿ ಕೆಟ್ಟಿತು. ಮೊದಲು ನೆಗಡಿ ಎಂದೆವು, ಧೂಳು ಎಂದೆವು, ಕಷಾಯ ಕುಡಿಸಿದೆವು. ಎಲೆಯಡಿಕೆ, ಬೀಡಿ ಯಾವುದನ್ನೂ ಮುಟ್ಟದ ಮನುಷ್ಯ. ಕೆಟ್ಟದ್ದು ಯಾರ ಮನಸ್ಸಿಗೂ ಬರಲಿಲ್ಲ. ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ತಡಮಾಡಬೇಡಿ ಎಂದರು. ಮಾತು ಮಾತ್ರ ಹೋಗುತ್ತದೆ ಎಂದರು. ಆ "ಮಾತ್ರ" ಎಂಬುದನ್ನು ಕೇಳಿ ಅಣ್ಣ ಎದ್ದು ಹೊರಗೆ ಬಂದುಬಿಟ್ಟ. ಆಪರೇಷನ್ ಒಲ್ಲೆ ಎಂದು ಹಟ ಹಿಡಿದ. ಅತ್ತಿಗೆ ಅತ್ತರು, ಹರಕೆ ಹೊತ್ತರು, ಕೊನೆಗೆ ನನ್ನ ಕೈ ಹಿಡಿದುಕೊಂಡರು: "ನನ್ನ ಮಾತ್ ಕೇಳವಲ್ರು. ನೀನರ ಹೇಳವ್ವಾ, ನಿನ್ನ ಮಾತಿಗೆ ಒಮ್ಮೊಮ್ಮಿ ಬಗ್ತಾರ." ನಾನು ಹೇಳಿದೆ, ಬೈದೆ, ಮಾತು ಬಿಟ್ಟೆ. ಅವನದು ಒಂದೇ ಉತ್ತರ: "ಒಂದ್ಸಲ ಕೊಳ್ಳಕ್ಕ ಹೋಗಿ ಬರೂಣು. ಆಮ್ಯಾಲ ನೋಡೂಣು."

ಹೋದೆವು. ಈ ಸಲ ಗುತ್ತಿಯಲ್ಲಿ ಮಿರ್ಚಿಗೂ ಬೈಕು ನಿಲ್ಲಿಸಲಿಲ್ಲ. ಇಳಿಯುವಾಗ ಅವನಿಗೆ ಉಸಿರು ಸಾಲದೆ ಎರಡು ಕಡೆ ಕೂತ. ಬಂಡೆ ಹತ್ತಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ. ಹರಿದ ಬಟ್ಟೆಯನ್ನು ಇನ್ನಷ್ಟು ಹರಿದಂಥ ಸದ್ದು ಬಂತು. ಕೊಳ್ಳ ಸುಮ್ಮನಿತ್ತು. ಮತ್ತೊಮ್ಮೆ ಕೂಗಿದ. ಇನ್ನೊಮ್ಮೆ ಬಾಯಿ ತೆರೆದು, ಮುಚ್ಚಿ, ಅಲ್ಲೇ ಕುಕ್ಕರಿಸಿದ.

"ಹೋತು ಬಿಡವ್ವಾ" ಎಂದ, ಪಿಸುಮಾತಿಗಿಂತ ತುಸು ದೊಡ್ಡದಾಗಿ. "ದನಿ ಇಲ್ಲದ ಕಂಡಕ್ಟರ್ ಏನ್ ಕಂಡಕ್ಟರ್? ಮೂಕ ಆಗಿ ಮನ್ಯಾಗ ಕುಂದ್ರಾಕ ನನಗ ಆಗಂಗಿಲ್ಲ. ಇದ್ದಷ್ಟು ದಿನ ಇರ್ತೀನಿ."

ನನಗೆ ದುಃಖ ಬರಬೇಕಿತ್ತು. ಬಂದದ್ದು ಸಿಟ್ಟು. ಮೈಯೆಲ್ಲ ಉರಿದು ಹೋಗುವಂಥ ಸಿಟ್ಟು.

"ನಿನ್ನ ದನಿ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲೇನು ನಾನು?" ಎಂದು ಚೀರಿದೆ. "ಕಂಡಕ್ಟರ್ ಯಾರಿಗೆ ಬೇಕಾಗ್ಯಾನ? ಬಸ್ಸಿಗೆ ನಾಳೆ ಇನ್ನೊಬ್ಬ ಬರ್ತಾನ. ನನಗೆಲ್ಲಿಂದ ತರ್ಲೋ ಇನ್ನೊಬ್ಬನ್ನ? ನನಗ ನೀ ಬೇಕೋ ಅಣ್ಣಾ! ನೀ ಬೇಕೋ!"

ಎದುರಿನ ಗೋಡೆ "ನೀ ಬೇಕೋ" ಎಂದಿತು. ಬೆನ್ನ ಹಿಂದಿನದು "ಬೇಕೋ" ಎಂದಿತು. ಆಮೇಲೆ ಕೆಳಗೆ, ನೀರು ತಿರುಗುವ ಕಡೆಯಿಂದ, ಬಹಳ ಮೆಲ್ಲಗೆ ಮತ್ತೊಮ್ಮೆ ಅದೇ ಮಾತು ಬಂತು.

ನಾನು ಹೆದರಿ ಬಾಯಿ ಮುಚ್ಚಿಕೊಂಡೆ. ಅಣ್ಣ ತಲೆಯೆತ್ತಿ ಗೋಡೆಗಳನ್ನು ನೋಡುತ್ತ ಕೂತ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಕೊಳ್ಳನೂ ನಿನ್ನ ಪಾರ್ಟಿನ ಆತಲ್ಲಲೇ" ಎಂದ ಕೊನೆಗೆ. "ಆತು. ದವಾಖಾನಿಗೆ ಫೋನ್ ಹಚ್ಚು."

"ಇಲ್ಲಿ ನೆಟ್‌ವರ್ಕ್ ಇಲ್ಲೋ" ಎಂದೆ, ಬಿಕ್ಕುತ್ತ.

"ಹಂಗಾರ ಮ್ಯಾಲ ಹತ್ತು ನಡಿ."

ವಾಪಸು ಬರುವಾಗ ಬಳ್ಳಾರಿಯ ತನಕ ಅಣ್ಣ ಒಂದೇ ಸಮನೆ ಮಾತಾಡಿದ. ಅವ್ವನ ವಿಷಯ, ಬಸ್ಸಿನ ವಿಷಯ, ಯಾವುದೋ ಮದುವೆಯ ಹೋಳಿಗೆಯ ವಿಷಯ. ಅರ್ಧ ಗಾಳಿಗೆ ಹೋಯಿತು. ಉಳಿದದ್ದನ್ನು ನಾನು ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿದೆ. ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎಂದು ಇಂದಿಗೂ ಅನ್ನಿಸುತ್ತದೆ. ಅವನ ದನಿಯಲ್ಲಿ ನಾನು ಕೇಳಿದ ಕೊನೆಯ ಹರಟೆ ಅದು.

ಈಗ ಅವನ ಕೊರಳಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಅತ್ತಿಗೆ ಹೊಲಿದುಕೊಟ್ಟ ಹತ್ತಿಯ ಬಟ್ಟೆ. ಡಿಪೋದಲ್ಲಿ ಕೂತು ಮಾಡುವ ಕೆಲಸ. ಮೊದಲ ವರ್ಷ ಬಲು ಕಷ್ಟದ್ದು. ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ, ಬೈಯಲು ದನಿಯಿಲ್ಲವಲ್ಲ. ಮೆಲ್ಲಗೆ ನಾವೆಲ್ಲ ಅವನ ತುಟಿ ಓದಲು ಕಲಿತೆವು. ಅಣ್ಣನ ಮಾತು ತಿಳಿಯಬೇಕೆಂದರೆ ನನ್ನ ಬಾಯಿ ಮುಚ್ಚಿ ಅವನ ಮುಖ ನೋಡಬೇಕು. ಅರ್ಧ ಆಯುಷ್ಯ ಅವನ ಬೆನ್ನ ಹಿಂದೆ ಬೈಕಿನಲ್ಲಿ ಕೂತು ತಿರುಗಿದವಳು ನಾನು. ಅವನ ಹುಬ್ಬಿನ ಬಳಿ ಒಂದು ಮಚ್ಚೆ ಇದೆಯೆಂಬುದು ಈಚೆಗೆ ಗೊತ್ತಾಯಿತು.

ಹೋದ ಭಾನುವಾರ ನಾನು ಹೀಗೆ ಬಾಗಿಲಲ್ಲಿ ನಿಂತಿರುವಾಗಲೇ ಅಣ್ಣ ಗೇಟು ತೆಗೆದುಕೊಂಡು ಬಂದ. ಮಿಷನ್ನು ಕಲ್ಲಿಗೆ ಕಚ್ಚಿ ಅರಚುತ್ತಿತ್ತು. ಕೆಲಸದವರು ಒಬ್ಬರ ಕಿವಿಗೆ ಒಬ್ಬರು ಬಾಯಿಯಿಟ್ಟು ಕೂಗಿಕೊಂಡರೂ ಒಬ್ಬರದು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಅಣ್ಣ ಗೇಟಿನ ಹತ್ತಿರವೇ ನಿಂತು ನನ್ನತ್ತ ತುಟಿಯಾಡಿಸಿದ: "ಊಟ ಆತೇನು?"

ನಾನೂ ಸದ್ದಿಲ್ಲದೆ ತುಟಿಯಾಡಿಸಿದೆ: "ಇಲ್ಲೋ, ನೀ ಬರ್ಲಿ ಅಂತ ಕುಂತಿದ್ದೆ."

ಅಂಥ ಗದ್ದಲದಲ್ಲಿ, ಅಂಗಳದ ಆ ತುದಿಗೆ ಈ ತುದಿಯಿಂದ, ಒಂದಕ್ಷರವೂ ತಪ್ಪದೆ ಇಬ್ಬರಿಗೂ ಕೇಳಿಸಿತು.