ಫೆಬ್ರುವರಿಯ ಮೂವತ್ತನೆಯ ತಾರೀಖು

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಫೆಬ್ರುವರಿಯ ಹಾಳೆ ಕಂಡಾಗಲೆಲ್ಲ ಅರ್ಧ ಕಟ್ಟಿ ಬಿಟ್ಟ ಮನೆಯ ನೆನಪಾಗುತ್ತದೆ. ಇಪ್ಪತ್ತೆಂಟಕ್ಕೆ ಅಂಕಿಗಳು ಮುಗಿದು ಮುಂದಿನ ಚೌಕಗಳೆಲ್ಲ ಖಾಲಿ. ಅಂಥದೊಂದು ಖಾಲಿ ಚೌಕದಲ್ಲಿ ನಾನು ಒಬ್ಬ ಹೆಣ್ಣುಮಗಳನ್ನು ಐವತ್ತು ವರ್ಷ ಕೂರಿಸಿದ್ದೆನೆಂಬುದು ನನಗೆ ತಿಳಿದದ್ದು ಮಾತ್ರ ಈ ವರ್ಷ.

ಸವಡಿಯ ಶಾಲೆಯಲ್ಲಿ ನಾನು ಹೊಸ ಮಾಸ್ತರನಾಗಿದ್ದಾಗ ಮಕ್ಕಳ ಜನ್ಮದಿನಾಂಕಗಳನ್ನು ಬ್ರಹ್ಮನಿಗಿಂತ ಹೆಚ್ಚಾಗಿ ನಾನೇ ನಿರ್ಧರಿಸುತ್ತಿದ್ದೆ. ಶಾಂತವ್ವನ ಹೆಸರು ಹಚ್ಚಲು ಬಂದ ಅವಳ ಅಪ್ಪ, "ಹಿಂಗಾರಿ ಜ್ವಾಳಾ ಕೀಳಾಕತ್ತಿದ್ವಿರಿ, ಅವತ್ತ ಅಮಾಸಿ ಇತ್ರಿ" ಎಂದಷ್ಟೇ ಹೇಳಿದ. ಜೋಳ ಕೀಳುವುದೆಂದರೆ ಫೆಬ್ರುವರಿ. ಪಂಚಾಂಗದಲ್ಲಿ ಅಮಾವಾಸ್ಯೆಗೆ ಮೂವತ್ತೆಂಬ ಅಂಕಿ. ಎರಡನ್ನೂ ಕೂಡಿಸಿ, ದುಂಡಗಿನ ಅಕ್ಷರದಲ್ಲಿ, ಫೆಬ್ರುವರಿ ಮೂವತ್ತು ಎಂದು ಬರೆದೆ. ಕಾಗದ ಮರುಮಾತಾಡಲಿಲ್ಲ.

ಮಾತಾಡಿದ್ದು ರೋಣದ ಕಣ್ಣಿನ ದವಾಖಾನೆಯ ಕಂಪ್ಯೂಟರು. ನನ್ನ ಕಣ್ಣಿಗೆ ಔಷಧಿ ತರಲು ಹೋಗಿದ್ದ ನಾನು ಸರದಿಯಲ್ಲಿ ನಿಂತಿದ್ದೆ. ಮುಂದೆ ಶಾಂತವ್ವ, ಕೈಯಲ್ಲಿ ಶಾಲೆಯ ದಾಖಲೆ. ಒಂದು ಕಣ್ಣು ಪೂರಾ ಮಸುಕಾಗಿ, ಇನ್ನೊಂದೂ ಅದೇ ಹಾದಿ ಹಿಡಿದಿತ್ತು. "ಕಾಳಿನಾಗಿನ ಹರಳು ಕಾಣಂಗಿಲ್ರಿ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಕಣ್ಣಿನ ಪೊರೆ ತೆಗೆಯಲು ತಿಂಗಳಿಗೊಮ್ಮೆ ಬರುವ ಡಾಕ್ಟರು ಮಧ್ಯಾಹ್ನಕ್ಕೆ ಗಜೇಂದ್ರಗಡಕ್ಕೆ ಹೊರಡುವವರು. ಆದರೆ ಅವಳ ಹೆಸರು ತೆರೆದರೆ ಸಾಕು, ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಮೂರು ಸಲ ಹಾಗಾದಾಗ ಸರದಿಯ ಜನ ಗೊಣಗತೊಡಗಿದರು.

"ಹಳೇ ಪ್ರೋಗ್ರಾಮು ತಾರೀಖನ್ನ ಬರೇ ಅಕ್ಷರದಂಗ ಇಟ್ಕೊಂಡಿತ್ರಿ," ಎಂದಳು ಯಂತ್ರದ ಮುಂದಿದ್ದ ಸವಿತಾ, "ಹೊಸಾದು ವಯಸ್ಸು ಲೆಕ್ಕಾ ಹಾಕ್ತೈತಿ. ಇಲ್ಲದ ದಿನಾ ಹುಡುಕಿ ಹುಡುಕಿ ನಿಂತ ಬಿಡ್ತೈತಿ. ನಾನಾಗೇ ತಾರೀಖು ಬದಲಿ ಮಾಡಾಕ ಬರಂಗಿಲ್ರಿ. ಬಲ್ಲವರು ಸಹಿ ಮಾಡಿ ಕೊಡಬೇಕು. ಫೆಬ್ರುವರಿ ಮೂವತ್ತಂತ! ಯಾವ ಪುಣ್ಯಾತ್ಮ ಬರದಾನೋ ಇದನ್ನ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅವಳು ಎತ್ತಿ ತೋರಿಸಿದ ದಾಖಲೆಯಲ್ಲಿ ನನ್ನವೇ ಆದ ಆ ದುಂಡಗಿನ ಅಕ್ಷರಗಳನ್ನು ಕಂಡೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಪರರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ತನ್ನದನ್ನು ಒಪ್ಪುವುದು ಸುಲಭವಲ್ಲ. ಶಾಂತವ್ವ ಮಾತ್ರ ನಗದೆ ಗೋಡೆಯ ಗಡಿಯಾರದತ್ತ ಮುಖ ಮಾಡಿ, "ಎಷ್ಟ ಆತ್ರಿ?" ಎಂದು ಕೇಳುತ್ತಿದ್ದಳು. ನನಗೆ ನಾಚಿಕೆಯಾಯಿತು.

"ನಾನ ಬರದಿದ್ದವ್ವಾ," ಎಂದೆ.

ದನಿ ಹಿಡಿದೇ ಗುರುತಿಸಿದಳು. "ಸರ! ನೀವ ಬರದಿದ್ದಂದ್ರ ನೀವ ತಿದ್ರಿ, ಲಗೂ ತಿದ್ರಿ."

ಇಪ್ಪತ್ತೆಂಟೆಂದು ಬರೆದು ಸಹಿ ಹಾಕಿದೆ. ಕಂಪ್ಯೂಟರು ಒಪ್ಪಿತು. "ಎರಡ ದಿನಾ ಮೊದಲ ಮುದುಕಿ ಆದ್ನಲ್ರಿ" ಎನ್ನುತ್ತಾ ಒಳಗೆ ಹೋದಳು.

ಮನೆಗೆ ಬಂದವನು ಗೋಡೆಯ ಕ್ಯಾಲೆಂಡರಿನಲ್ಲಿ ತೆರೆದಿದ್ದ ಫೆಬ್ರುವರಿ ಹಾಳೆಯ ಎರಡನೆಯ ಖಾಲಿ ಚೌಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಮೂವತ್ತೆಂದು ಬರೆದೆ. ತಪ್ಪು ನನ್ನದೇ ಆದ್ದರಿಂದ ಅದನ್ನು ಪೂರಾ ಅಳಿಸಲು ಮನಸ್ಸಾಗಲಿಲ್ಲ.

ವಾರದ ಮೇಲೆ ಶಾಂತವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಹೊಸ್ತಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿ, "ಭಾಳ ವಯಸ್ಸಾಗೇತ್ರಿ ಸರ ನಿಮಗ" ಎಂದಳು. ಆಮೇಲೆ ಅವಳ ನೋಟ ನನ್ನನ್ನು ದಾಟಿ, ಪಡಸಾಲೆಯನ್ನು ದಾಟಿ, ಆಚೆಯ ಗೋಡೆಗೆ ಹೋಗಿ ನಿಂತಿತು.

"ಅಲ್ರಿ ಸರ, ಮತ್ತ ಮೂವತ್ತ ಬರದೀರಲ್ರಿ!"